ಫಕೀರವ್ವನ ಮೂರು ಸಹಿ

ಧಾರವಾಡದ ಮಾಳಮಡ್ಡಿಯಲ್ಲಿ ಫಕೀರವ್ವನ ಮನೆ ಯಾವುದೆಂದು ಕೇಳಿದರೆ ಯಾರೂ ಮನೆ ನಂಬರು ಹೇಳುತ್ತಿರಲಿಲ್ಲ. "ರೊಟ್ಟಿ ಬಡಿಯೂ ಸಪ್ಪಳ ಎಲ್ಲಿ ಕೇಳತೈತಿ, ಅಲ್ಲಿ ನಿಂತು ಕೂಗ್ರಿ" ಎನ್ನುತ್ತಿದ್ದರು. ಆಕೆಯ ಗಂಡ ಗಿರಿಯಪ್ಪ ಹತ್ತಿ ಜಿನ್ನಿನಲ್ಲಿ ದುಡಿಯುತ್ತಿದ್ದವನು, ತೊಂಬತ್ತೆರಡರಲ್ಲಿ ಎದೆನೋವೆಂದು ಮಲಗಿದವನು ಮತ್ತೆ ಏಳಲಿಲ್ಲ. ಮಗ ಮಾಲತೇಶ ಆಗ ಕನ್ನಡ ಸಾಲಿ ಐದನೇ ಇಯತ್ತೆ. ಅತ್ತು ಮುಗಿದ ಮೇಲೆ ಫಕೀರವ್ವ ಒಲೆ ಹೊತ್ತಿಸಿದಳು. ಬಡಿಯಲು ಬರುತ್ತಿದ್ದುದು ಜೋಳದ ರೊಟ್ಟಿ ಒಂದೇ, ಅದನ್ನೇ ಬಡಿದಳು. ಕಾಲೇಜು ಹುಡುಗರ ಖಾನಾವಳಿಗಳಿಗೆ ಬಿಸಿ ರೊಟ್ಟಿ, ಊರಿಗೆ ಹೊರಟವರಿಗೆ ಒಣಗಿಸಿದ ಕಟಿ ರೊಟ್ಟಿ.

ಆ ವರ್ಷಗಳಲ್ಲೇ ಹನಮಪ್ಪನ ಗುಡಿಯ ಕಟ್ಟೆಯ ಮೇಲೆ ದೊಡ್ಡವರಿಗೆ ಅಕ್ಷರ ಕಲಿಸುವ ಸಂಜೆ ಸಾಲಿ ನಡೆಯಿತು. ಫಕೀರವ್ವ ನಾಲ್ಕು ತಿಂಗಳು ಹೋದಳು. ಪುಸ್ತಕ ಓದುವಷ್ಟು ಬರಲಿಲ್ಲ, ಕಣ್ಣು ಹೊಗೆಗೆ ಸೋತಿದ್ದವು. ಆದರೆ ತನ್ನ ಹೆಸರು ಬರೆಯಲು ಕಲಿತಳು. ಕೊನೆಯ ಅಕ್ಷರ ಆಕೆಗೆ ಬಹಳ ಇಷ್ಟ, ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡ ಹೆಂಗಸಿನ ಹಾಗೆ ಕಾಣುತ್ತದೆ ಎನ್ನುತ್ತಿದ್ದಳು. ಹಿಟ್ಟಿನ ಮೇಲೆ ಬೆರಳಿಂದ ಬರೆದು ಬರೆದು ಅಳಿಸುತ್ತಿದ್ದಳು. ಆದರೆ ಸಹಿ ಕೇಳುವವರು ಯಾರೂ ಬರಲಿಲ್ಲ.

ಬಂದವನು ಉಡಚಪ್ಪ, ತೊಂಬತ್ತಾರನೆಯ ಇಸವಿಯಲ್ಲಿ. ಟೆಲಿಫೋನ್ ಆಫೀಸಿನ ಲೈನ್‌ಮನ್. ಖಾನಾವಳಿಯವರು ಹೇಳಿ ಕಳಿಸಲು ಆಳಿಲ್ಲ ಎಂದು ಗೊಣಗುತ್ತಿದ್ದರಿಂದ ಫಕೀರವ್ವ ಸಂಜೆ ಸಾಲಿಗೆ ಹೋಗುವ ಮೊದಲೇ ಹೆಬ್ಬೆರಳೊತ್ತಿ ಫೋನಿಗೆ ಅರ್ಜಿ ಕೊಟ್ಟು ಎರಡು ವರ್ಷ ಕಾದಿದ್ದಳು. ಸೈಕಲ್ಲಿಗೆ ಏಣಿ ಕಟ್ಟಿಕೊಂಡು ಬಂದ ಉಡಚಪ್ಪ, ರೊಟ್ಟಿ ಒಲೆಯ ಪಕ್ಕದ ಗೋಡೆಗೆ ಫೋನು ಕೂಡಿಸಿ, ಕಾಗದ ತೆಗೆದು, ಮಸಿಯ ಡಬ್ಬಿ ಮುಂದಿಟ್ಟ.

"ಅಕ್ಕಾರ, ಹೆಬ್ಬೆರಳ ಕೊಡ್ರಿ."

"ಹೆಬ್ಬೆರಳ ಯಾಕ ತಮ್ಮಾ? ನನಗ ಸಹಿ ಬರ್ತೈತಿ."

"ಹೌದೇನ್ರಿ? ಹಂಗಾರ ನಂದ ತಪ್ಪಾತು." ಡಬ್ಬಿ ಮುಚ್ಚಿ ಕಿಸೆಗೆ ಹಾಕಿಕೊಂಡು ಪೆನ್ನು ಕೊಟ್ಟ. ಒಂದು ರೊಟ್ಟಿ ಬೇಯುವಷ್ಟು ಹೊತ್ತು ಹಿಡಿಯಿತು. ಗಾಳಿಗೆ ಕಾಗದ ಹಾರದಂತೆ ಅವನು ಎರಡೂ ಕೈಯಿಂದ ಒತ್ತಿ ಹಿಡಿದು ಕೂತಿದ್ದ. "ಸಾವಕಾಶ ಬರೀರಿ, ನನಗೇನ ಗಡಿಬಿಡಿ ಇಲ್ಲ" ಎಂದ. ಮುಗಿದ ಮೇಲೆ ಕಾಗದ ದೂರ ಹಿಡಿದು ನೋಡಿದ. "ಛಲೋ ಐತ್ರೀ ಅಕ್ಷರ. ನಮ್ಮ ಸಾಹೇಬರದು ಕೋಳಿ ಕೆದರಿದಂಗ ಇರತೈತಿ."

ಅವತ್ತು ಎರಡು ಬಿಸಿ ರೊಟ್ಟಿ, ಪುಂಡಿಪಲ್ಲೆ ತಿಂದು ಹೋದವನು ಆ ಮನೆಗೆ ತಮ್ಮನೇ ಆದ. ಪ್ರತಿ ದಸರೆಗೆ, ಬನ್ನಿ ಮುಡಿಯುವ ದಿನ, ಆಕೆಗೆ ಬನ್ನಿ ಕೊಟ್ಟು ಕಾಲಿಗೆ ಬೀಳದೆ ಮನೆಗೆ ಹೋಗುತ್ತಿರಲಿಲ್ಲ.

ಮಾಲತೇಶ ಬಿ.ಎ. ಮುಗಿಸಿ, ಒಂದಿಷ್ಟು ದಿನ ಟೈಪಿಂಗ್ ಅಂಗಡಿಯಲ್ಲಿ ದುಡಿದು, ಮದುವೆಯಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಎರಡು ಕಂಪ್ಯೂಟರ್ ಇಟ್ಟ. ನೌಕರಿಯ ಅರ್ಜಿ, ಪರೀಕ್ಷೆಯ ಅರ್ಜಿ ಎಲ್ಲ ಇಂಟರ್‌ನೆಟ್ಟಿನಲ್ಲಿ ತುಂಬುವ ಕಾಲ ಬಂದಿತ್ತು. ಧಾರವಾಡದಲ್ಲಿ ಅರ್ಜಿ ತುಂಬುವವರಿಗೇನು ಬರವೇ? ಒಂದು ಕಂಪ್ಯೂಟರಿಗೆ ಅವನು, ಇನ್ನೊಂದಕ್ಕೆ ಅವನ ಹೆಂಡತಿ ವಿದ್ಯಾ. ಫೋನಿನ ವೈರು ಒಳಗೆ ರೊಟ್ಟಿ ಒಲೆಯ ಹತ್ತಿರ, ಕಂಪ್ಯೂಟರು ಹೊರಗೆ. ಗೋಡೆ ಕೊರೆಯುವುದು ಬೇಡವೆಂದು ಮಾಲತೇಶ ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ವೈರಿಲ್ಲದೆ ನೆಟ್ ಕಳಿಸುವ ಒಂದು ಡಬ್ಬಿ ತಂದ. ಅದಕ್ಕೆ ರೂಟರ್ ಎನ್ನುತ್ತಾರೆ ಎಂದು ಹೇಳಿದ. ಫೋನಿನ ಮೇಲಿನ ಹಲಗೆಯ ಮೇಲೆ ಕೂಡಿಸಿದ. ಕರಿ ಡಬ್ಬಿ, ಒಂದು ಕೊಂಬು, ಮುಂದೆ ಸಾಲಾಗಿ ಹಸಿರು ದೀಪ.

"ಇದರಿಂದ ಗಾಳಿಯಾಗ ಹೋಗತೈತವ್ವಾ ನೆಟ್ಟು."

"ಗಾಳ್ಯಾಗ ಹೋಗೂದಾದ್ರ ನನ್ನ ಹಿಟ್ಟ ಹೊಕ್ಕಂಡು ಕೆಮ್ಮು ಹತ್ತೂದಿಲ್ಲನು ಅದಕ್ಕ?"

ಮಗ, ಸೊಸೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀ ಅದನ್ನ ಮುಟ್ಟಬ್ಯಾಡ, ಅಷ್ಟ ಸಾಕು" ಎಂದ ಮಾಲತೇಶ. ಫಕೀರವ್ವ ಮುಟ್ಟಲಿಲ್ಲ. ದಿನಾ ಸಂಜೆ ಸೆರಗಿನ ಚುಂಗಿನಿಂದ ಮೇಲಿನ ಹಿಟ್ಟು ಒರೆಸುತ್ತಿದ್ದಳು, ಅಷ್ಟೆ. ಮನೆಗೆ ಅನ್ನ ತರುವುದು, ಹಿಟ್ಟು ಹಿಡಿದು ಕೂಡಬಾರದು ಎಂದು.

ಆ ವರ್ಷದ ದಸರೆ ಬಂತು. ಶನಿವಾರ ಉಡಚಪ್ಪ ಬಂದು, ಮಳೆಗೆ ಹಾಳಾಗಿದ್ದ ಕಂಬದ ವೈರು ಬದಲಿಸಿ, ಒಳಗಿನ ಡಬ್ಬಿಯನ್ನೂ ಹಿಂದೆ ಮುಂದೆ ಸರಿಸಿ ನೋಡಿ ಹೋಗಿದ್ದ. ಮರುದಿನ ಖಂಡೇ ಪೂಜೆ. ದುಡಿಯುವ ಸಾಮಾನಿಗೆಲ್ಲ ಅವತ್ತು ಪೂಜೆ. ಪೂಜೆಯಾದ ಮೇಲೆ ಮರುದಿನದ ತನಕ ಅವನ್ನು ಮುಟ್ಟುವ ಹಾಗಿಲ್ಲ. ಮಾಲತೇಶ ಬೆಳಿಗ್ಗೆ ಎರಡು ಅರ್ಜಿ ಕಳಿಸಿ ಎದ್ದುಬಿಟ್ಟ. ಫಕೀರವ್ವ ಹಂಚು, ರೊಟ್ಟಿ ಬಡಿಯುವ ಮಣೆ, ಈಳಿಗೆ, ವಿದ್ಯಾಳ ಹೊಲಿಗೆ ಮಿಷನ್ನು, ಎರಡೂ ಕಂಪ್ಯೂಟರು, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವು ಏರಿಸಿದಳು. ಒಂದೊಂದರ ಮುಂದೆ ಬಾಳೆಹಣ್ಣಿನ ತುಂಡು ಇಟ್ಟು ಊದಿನಕಡ್ಡಿ ಚುಚ್ಚಿದಳು. ಮಗ, ಸೊಸೆ ಕಾಯಿ ಒಡೆದು, ಕೈಮುಗಿದು, ಗುಡಿಗೆ ಹೋದರು.

ಅವರು ಹೋದ ಮೇಲೆ ಫಕೀರವ್ವನ ಕಣ್ಣು ಹಲಗೆಯ ಮೇಲಿನ ಡಬ್ಬಿಗೆ ಹೋಯಿತು. ಎಲ್ಲಕ್ಕೂ ಆಗಿದೆ, ಅದೊಂದಕ್ಕೆ ಆಗಿಲ್ಲ. ಪಾಪ, ದುಡಿಯುವುದರಲ್ಲಿ ಅದೇನು ಕಡಿಮೆಯೇ? ಸ್ಟೂಲು ಹತ್ತಿ ಕುಂಕುಮ ಹಚ್ಚಿದಳು, ಕೊಂಬಿಗೆ ಹೂವು ಸಿಗಿಸಿದಳು. ದೀಪ ಅದರದ್ದೇ ಉರಿಯುತ್ತಿತ್ತು. ಊದಿನಕಡ್ಡಿ ಹಚ್ಚಿದಳು. ಚುಚ್ಚಲು ಬಾಳೆಹಣ್ಣು ಉಳಿದಿರಲಿಲ್ಲ. ಸುತ್ತ ನೋಡಿದರೆ ಡಬ್ಬಿಯ ಹಿಂದುಗಡೆ, ವೈರುಗಳ ನಡುವೆ, ಒಂದು ಸಣ್ಣ ತೂತು. ಕಡ್ಡಿಗೆ ಅಳತೆ ತೆಗೆದುಕೊಂಡು ಮಾಡಿದ ಹಾಗಿತ್ತು. ಮಾಡಿದವರೂ ದೇವರು ದಿಂಡರು ಬಲ್ಲವರೇ ಇರಬೇಕು ಅಂದುಕೊಂಡಳು. ಕಡ್ಡಿ ಚುಚ್ಚಿದಳು. ಒಳಗೆ ಏನೋ ಟಕ್ ಎಂದಿತು, ಕಡ್ಡಿ ಗಟ್ಟಿ ನಿಂತಿತು.

ಕಣ್ಣು ಮುಚ್ಚಿ ಮನೆಮಂದಿಯ ಹೆಸರು ಹೇಳಿ ಬೇಡಿಕೊಂಡು ಕಣ್ಣು ತೆರೆದಾಗ ಡಬ್ಬಿಯ ದೀಪಗಳೆಲ್ಲ ಆರಿದ್ದವು.

ಫಕೀರವ್ವ ಗಬಕ್ಕನೆ ಕಡ್ಡಿ ಕಿತ್ತಳು. ಸ್ವಲ್ಪ ಹೊತ್ತಿಗೆ ಒಂದು ದೀಪ ಹತ್ತಿತು, ಮತ್ತೊಂದು ಹತ್ತಿತು. ಹತ್ತಿದವಲ್ಲ ಎಂದು ಉಸಿರು ಬಿಟ್ಟಳು. ಮೊದಲು ನಾಲ್ಕು ಇದ್ದವು, ಈಗ ಮೂರೇ ಇವೆ ಎನ್ನುವುದು ಲೆಕ್ಕಕ್ಕೆ ಬಂತು. ಬಂದರೂ ಬರಲಿಲ್ಲವೆಂದುಕೊಂಡು ಸ್ಟೂಲು ಇಳಿದಳು. ಕೊಂಬಿನ ಹೂವು ತೆಗೆದಳು, ಕುಂಕುಮ ಒರೆಸಿದಳು. ಅದನ್ನೇಕೆ ಒರೆಸಿದಳು? ಆಮೇಲೆ ಎಷ್ಟೋ ಸಲ ತನ್ನನ್ನು ತಾನೇ ಕೇಳಿಕೊಂಡಳು. ಏನೋ ಕೆಟ್ಟಿದೆ ಎನ್ನುವುದು ಕೈಗೆ ಆಗಲೇ ಗೊತ್ತಿತ್ತು.

ಮರುದಿನ ಮುಂಜಾನೆ ಮಾಲತೇಶ ಕಂಪ್ಯೂಟರ್ ಮುಂದೆ ಕೂತ. ನೆಟ್ ಇಲ್ಲ. ಯಾವುದೋ ನೌಕರಿಯ ಅರ್ಜಿಗೆ ಅದರ ಮರುದಿನ ಸಂಜೆಯೇ ಕಡೆಯ ಗಡುವು. ಕೆಲವರ ಅರ್ಜಿ ಅರ್ಧ ತುಂಬಿ ಇಟ್ಟಿದ್ದ. ತಕ್ರಾರಿನ ನಂಬರಿಗೆ ಫೋನ್ ಹಚ್ಚಿದರೆ ಅತ್ತಲಿನ ಹುಡುಗಿ ಒಂದೇ ಮಾತು ಹೇಳಿದಳು. ಬಂದ್ ಮಾಡಿ, ಐದು ನಿಮಿಷ ಬಿಟ್ಟು ಚಾಲೂ ಮಾಡಿ. ಅವನು ಮೂರು ಸಲ ಮಾಡಿದ. ವೈರು ಕಿತ್ತು ಊದಿ ಮತ್ತೆ ಹಾಕಿದ. ಫೋನಿನ ವೈರನ್ನು ನೇರ ಡಬ್ಬಿಗೆ ಕೊಟ್ಟು ನೋಡಿದ. ವಿದ್ಯಾ ಹೊರಗಿನಿಂದ "ನೆಟ್ಟಿಗೆ ನಾವಿಟ್ಟ ಹೆಸರ ತೋರ್ಸವಲ್ದು, ಬ್ಯಾರೆ ಯಾವುದೋ ಹೆಸರ ತೋರಸಾಕತ್ತೈತಿ" ಎಂದು ಕೂಗಿದಳು. ಹಿಟ್ಟು ನಾದುತ್ತ ಕೂತಿದ್ದ ಫಕೀರವ್ವನಿಗೆ ಇದೆಲ್ಲ ಕೇಳುತ್ತಿತ್ತು. ಕಿವಿ ಚುರುಕು ಆಕೆಗೆ, ಬೇಡವೆಂದರೂ ಕೇಳುತ್ತಿತ್ತು.

ಹಬ್ಬದ ದಿನವೆಂದು ನೋಡದೆ ಉಡಚಪ್ಪನ ಮನೆಗೆ ಫೋನ್ ಹೋಯಿತು. ಅವನು ಹೊಸ ಅಂಗಿ ಹಾಕಿಕೊಂಡೇ ಬಂದ. ಫೋನೆತ್ತಿ ಸಪ್ಪಳ ಕೇಳಿದ, ಕಂಬದ ತನಕ ಹೋಗಿ ಬಂದ, ಡಬ್ಬಿಯ ದೀಪಗಳ ಮುಂದೆ ಬೆರಳಿಟ್ಟು ಎಣಿಸಿದ.

"ಲೈನ್ ಛಲೋ ಐತಿ ಮಾಲತೇಶಪ್ಪಾ. ಡಬ್ಬಿ ತನ್ನೊಳಗಿಂದು ಎಲ್ಲಾ ಮರತೈತಿ. ಹಿಂದ ಒಂದ ಸಣ್ಣ ತೂತು ಇರತೈತಿ ನೋಡು, ಅದರಾಗ ಏನರ ಹಾಕಿ ಒತ್ತಿ ಹಿಡದ್ರ ಹಿಂಗ ಅಕ್ಕೈತಿ. ಮತ್ತ ತುಂಬಾಕ ನನಗ ಬರೂದಿಲ್ಲ, ನಮ್ಮ ಆಫೀಸಿನ್ಯಾಗ ನೆಟ್ ನೋಡೂ ಪ್ರತಾಪ ಸಾಹೇಬರ ಬರಬೇಕು, ಅವರು ರಜಾದ ಮ್ಯಾಲೆ ಹೋಗ್ಯಾರ, ನಾಳಿ ಬರ್ತಾರ." ಆಮೇಲೆ ಮೆಲ್ಲಗೆ ಕೇಳಿದ, "ಪೂಜಿಗೀಜಿ ಮಾಡೂಮುಂದ ಯಾರರ ಮುಟ್ಟಿದ್ರೇನು?"

ಫಕೀರವ್ವನ ಕೈಯಲ್ಲಿದ್ದ ಹಿಟ್ಟು ಅಲ್ಲೇ ನಿಂತಿತು. ಈಗ ಹೇಳಿದರೆ ಆಗುತ್ತಿತ್ತು. ನಕ್ಕು ಮರೆಯುವ ಮಾತು. ಬಾಯಿ ತೆರೆಯುವಷ್ಟರಲ್ಲಿ ಮಾಲತೇಶನ ದನಿ ಏರಿತು.

"ನಮ್ಮವ್ವ ಅದರ ಸಮೀಪ ಸುದ್ದಾ ಹೋಗೂದಿಲ್ಲ! ಶನಿವಾರ ವೈರ್ ಹಾಕೂಮುಂದ ಅದನ್ನ ಹಿಂದ ಮುಂದ ಮಾಡಿದವ್ರು ನೀವು. ಈಗ ನಮ್ಮನಿ ಮಂದಿ ಮ್ಯಾಲೆ ಹಾಕ್ತೀರೇನು?"

"ನಾ ಯಾರ ಮ್ಯಾಲೂ ಹಾಕಿಲ್ಲೋ ತಮ್ಮಾ. ಕೇಳಿದೆ ಅಷ್ಟ."

ಮಗ ತನ್ನ ಪರವಾಗಿ ಅಷ್ಟು ಗಟ್ಟಿಯಾಗಿ ಆಡಿದ ಮೇಲೆ ಫಕೀರವ್ವನ ಬಾಯಿ ಬೀಗ ಹಾಕಿದ ಹಾಗಾಯಿತು. ತಲೆ ಬಗ್ಗಿಸಿ ರೊಟ್ಟಿ ಬಡಿದಳು. ಉಡಚಪ್ಪ ಹೋಗುವಾಗ "ಬರ್ತೇನ್ರಿ ಅಕ್ಕಾರ" ಎಂದ. ಆಕೆ ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು.

ಮಧ್ಯಾಹ್ನ ಮಾಲತೇಶ ಬಿಳಿ ಹಾಳೆಯ ಮೇಲೆ ಟೆಲಿಫೋನ್ ಆಫೀಸಿನ ದೊಡ್ಡ ಸಾಹೇಬರಿಗೆ ಅರ್ಜಿ ಬರೆದು ತಾಯಿಗೆ ಓದಿ ಹೇಳಿದ. "ಸದರಿ ಲೈನ್‌ಮನ್ ಇವರು ತಮಗೆ ತಿಳಿಯದ ಯಂತ್ರಕ್ಕೆ ಕೈ ಹಾಕಿ ಕೆಡಿಸಿದ್ದು, ಕೇಳಿದರೆ ಮನೆಯ ಹೆಣ್ಣುಮಕ್ಕಳ ಮೇಲೆ ಸುಳ್ಳು ಅಪವಾದ ಹಾಕಿ ಒರಟಾಗಿ ಮಾತಾಡಿರುತ್ತಾರೆ."

"ಒರಟ ಎಲ್ಲಿ ಮಾತಾಡಿದಪಾ ಅಂವ?"

"ಅರ್ಜಿ ಅಂದಮ್ಯಾಲೆ ಸ್ವಲ್ಪ ಖಾರ ಇರಬೇಕವ್ವಾ. ಇಲ್ಲಂದ್ರ ಯಾರೂ ಮೂಸಿ ನೋಡೂದಿಲ್ಲ. ಫೋನ್ ನಿನ್ನ ಹೆಸರಿನ್ಯಾಗ ಐತಿ, ಸಹಿ ನಿಂದ ಬೇಕು. ಮಾಡು."

"ಹಬ್ಬದ ದಿವ್ಸ ಬ್ಯಾಡೋ..."

"ನಾಳಿ ಮುಂಜಾನೆ ನಾ ಆ ಮಂದೀನೆಲ್ಲಾ ಕರ್ಕೊಂಡು ಹುಬ್ಬಳ್ಳಿ ದುರ್ಗದಬೈಲಿಗೆ ಓಡಬೇಕು, ಅಲ್ಲಿ ನೆಟ್ಟಿನ ಅಂಗಡ್ಯಾಗ ಪಾಳಿ ಹಚ್ಚಬೇಕು. ನನ್ನ ಮಾನ ಹೋಗೇತಿ. ನಿನಗ ಆ ಉಡಚಪ್ಪನ ಚಿಂತಿ."

ಅಡ್ಡ ಬರಬಹುದಿತ್ತು. ಬೆರಳಿಗೆ ಹಿಟ್ಟು ಮೆತ್ತಿದೆ ಎನ್ನಬಹುದಿತ್ತು. ಫಕೀರವ್ವ ಕೈ ತೊಳೆದುಕೊಂಡು, ಸೀರೆಗೆ ಒರೆಸಿಕೊಂಡು, ಪೆನ್ನು ಹಿಡಿದು ಸಹಿ ಮಾಡಿದಳು. ಫೋನಿನ ಕಾಗದಕ್ಕೆ ಮಾಡಿದಷ್ಟೇ ದುಂಡಗೆ ಬಂತು. ಒಂದು ಅಕ್ಷರವಾದರೂ ಸೊಟ್ಟಾಗಬಾರದಿತ್ತೇ ಎಂದುಕೊಂಡಳು.

ಸಂಜೆ ಬನ್ನಿ ಮುಡಿಯುವ ಹೊತ್ತು. ಮಗ, ಸೊಸೆ ಓಣಿಯವರಿಗೆ ಬನ್ನಿ ಕೊಡಲು ಹೋಗಿದ್ದರು. ಫಕೀರವ್ವ ಬಾಗಿಲ ಹತ್ತಿರ ಕೂತು, ಈ ವರ್ಷ ಅವನು ಬರುವುದಿಲ್ಲ, ಬೆಳಿಗ್ಗೆ ಅಷ್ಟು ಮಾತು ಕೇಳಿಸಿಕೊಂಡಿದ್ದಾನೆ ಎಂದುಕೊಂಡಳು. ಬರದಿರಲಿ ಎಂದು ಬೇಡಿಕೊಂಡಳೂ ಹೌದು. ಸೈಕಲ್ ಗಂಟೆ ಕೇಳಿತು.

"ಅಕ್ಕಾರ, ಬನ್ನಿ ತಗೋರಿ. ಬಂಗಾರದಂಗ ಇರೂಣು." ಕೈಯಲ್ಲಿ ಬನ್ನಿ ಎಲೆ ಇಟ್ಟು ಬಗ್ಗಿ ಕಾಲು ಮುಟ್ಟಿದ. ನರೆತ ತಲೆ, ಎಣ್ಣೆ ಹಚ್ಚಿ ಬಾಚಿದ್ದು. ಕಾಲು ಹಿಂದಕ್ಕೆ ಎಳೆದುಕೊಳ್ಳಲು ಹೋದಳು, ಗೋಡೆ ಅಡ್ಡ ಬಂತು.

"ಮಾಲತೇಶಪ್ಪಗೂ ಹೇಳ್ರಿ. ಹುಡುಗ ಸಿಟ್ಟಿನ್ಯಾಗ ಏನೋ ಅಂದ. ನಾ ಮನಸಿನ್ಯಾಗ ಇಟ್ಕೊಂಡಿಲ್ಲ."

ಅರ್ಜಿ ಒಳಗೆ ಜೋಳದ ಡಬ್ಬದ ಕೆಳಗೆ ಇತ್ತು. ಎಂಟು ಹೆಜ್ಜೆ ನಡೆದರೆ ಸಿಗುತ್ತಿತ್ತು. ಒಲೆ ಪಕ್ಕದಲ್ಲೇ ಇತ್ತು. ಫಕೀರವ್ವ "ಬಂಗಾರದಂಗ ಇರೂಣಪಾ" ಎಂದಳು. ತನ್ನ ದನಿ ತನಗೇ ಬೇರೆಯವರದ್ದು ಅನಿಸಿತು. ರೊಟ್ಟಿ ತಿನ್ನು ಎಂದು ಕರೆಯಲು ನಾಲಿಗೆ ಏಳಲಿಲ್ಲ. ಅವನು ಸ್ವಲ್ಪ ಹೊತ್ತು ನಿಂತು, ಕರೆಯಲಿಲ್ಲವೆಂದು ತಿಳಿದು, ಸೈಕಲ್ ತಿರುಗಿಸಿದ.

ಮರುದಿನ ಮಾಲತೇಶ ದುರ್ಗದಬೈಲಿಗೆ ಹೋಗುವ ದಾರಿಯಲ್ಲೇ ಟೆಲಿಫೋನ್ ಆಫೀಸಿಗೆ ಅರ್ಜಿ ಕೊಟ್ಟು ಹೋದ. ಅಲ್ಲಿ ಪಾಳಿ ಹಚ್ಚಿ, ಎಲ್ಲರ ಅರ್ಜಿ ತುಂಬಿಸಿ ಮನೆಗೆ ಬಂದಾಗ ಹೊತ್ತು ಮೂರಾಗಿತ್ತು. ಆಗಲೇ ಪ್ರತಾಪ ಸಾಹೇಬರು ಬಂದರು. ನೀಲಿ ವೈರಿನಿಂದ ಡಬ್ಬಿಯನ್ನು ತಮ್ಮ ಕಂಪ್ಯೂಟರಿಗೆ ಸೇರಿಸಿ ಏನೇನೋ ಬರೆದರು. ಒಂದು ಚಹಾ ಆರುವಷ್ಟರಲ್ಲಿ ನಾಲ್ಕನೆಯ ದೀಪ ಹತ್ತಿತು.

"ಯಾರೋ ರಿಸೆಟ್ ಒತ್ಯಾರ, ಮತ್ತೇನಿಲ್ಲ" ಎಂದರು.

"ಅದ ಹೇಳಾಕತ್ತೇನಿ, ಶನಿವಾರ ಉಡಚಪ್ಪ..."

"ಶನಿವಾರ ಒತ್ತಿದ್ರ ರವಿವಾರ ಮುಂಜಾನೆ ಎರಡ ಅರ್ಜಿ ಹೆಂಗ ಕಳಿಸಿದ್ರಿ? ನೀವ ಹೇಳಿದ್ರೆಲ್ಲಾ ಈಗ."

ಮಾಲತೇಶ ಡಬ್ಬಿಯ ಕಡೆ ತಿರುಗಿದ. ಪ್ರತಾಪ ಸಾಹೇಬರು ವೈರು ಸುತ್ತುತ್ತ ಹೇಳಿದರು, "ನಾಳಿ ಹನ್ನೊಂದಕ್ಕ ಅಂವಗ ಜವಾಬು ಬರಕೊಡಾಕ ಕರದಾರ. ಇಪ್ಪತ್ತಾರ ವರ್ಷದ ನೌಕರ್ಯಾಗ ಆ ಮನಿಷ್ಯಾನ ಸರ್ವಿಸ್ ಪುಸ್ತಕದಾಗ ಒಂದ ಕರಿ ಗೆರಿ ಇಲ್ಲ. ಮುಂದಿನ ಮಳಿಗಾಲಕ್ಕ ರಿಟೈರ್ ಅಕ್ಕಾನ. ಈಗ ಬೀಳತೈತಿ."

ಅವರು ಹೋದ ಮೇಲೂ ಮಗನಿಗೆ ಹೇಳಲು ಆಗಲಿಲ್ಲ ಫಕೀರವ್ವನಿಗೆ. ಮರುದಿನ ಹೊರಗಿನ ಕೋಣೆಯಲ್ಲಿ ಮಂದಿ ತುಂಬಿದ ಹೊತ್ತು ನೋಡಿ, ಗುಡಿಗೆ ಹೋಗುತ್ತೇನೆಂದು ಸುಳ್ಳು ಹೇಳಿ ಎದ್ದಳು. ಹತ್ತು ರೊಟ್ಟಿ ಅರಿವೆಯಲ್ಲಿ ಕಟ್ಟಿಕೊಂಡಳು. ಅರ್ಧ ದಾರಿಗೆ ಬಂದ ಮೇಲೆ, ಇದು ಯಾರಿಗೆ, ಯಾತಕ್ಕೆ ಎಂದು ನಾಚಿಕೆಯಾಗಿ ಗಂಟನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಆಫೀಸಿನಲ್ಲಿ ದೊಡ್ಡ ಸಾಹೇಬರ ಮೇಜಿನ ಮುಂದೆ ನಿಂತು, "ಆ ಅರ್ಜಿ ಖರೇ ಅಲ್ರಿ. ಡಬ್ಬಿ ಕೆಡಿಸಿದಾಕಿ ನಾನು" ಎಂದಳು.

"ನೀವೇನ ಮಾಡಿದ್ರೆವ್ವಾ?"

"ಊದಿನಕಡ್ಡಿ ಚುಚ್ಚಿದೆ."

"ಎಲ್ಲಿ?"

"ಹಿಂದಿನ ತೂತಿನ್ಯಾಗ. ಖಂಡೇ ಪೂಜಿಗೆ."

ಮೂಲೆಯ ಮೇಜಿನಿಂದ ನಗು ಸುರುವಾಯಿತು. "ಕಾಯಿ ಒಡದಿಲ್ಲಲ್ರಿ ಅದರ ಮ್ಯಾಲೆ, ಪುಣ್ಯಾ" ಎಂದ ಒಬ್ಬ. ಇನ್ನೊಬ್ಬ, "ಆರತಿ ಎತ್ತಿದ್ರ ನೆಟ್ ಜೋರ ಬರ್ತಿತ್ತು" ಎಂದ. ಸಾಹೇಬರೂ ಮೂಗಿನ ಮೇಲಿನ ಚಸ್ಮಾ ತೆಗೆದು ಕಣ್ಣೊರೆಸಿಕೊಂಡರು. ಫಕೀರವ್ವನಿಗೆ ಆ ನಗು ಅಷ್ಟೇನೂ ಹತ್ತಲಿಲ್ಲ. ಬಾಗಿಲ ಹೊರಗಿನ ಬಾಕಿನ ಮೇಲೆ ಉಡಚಪ್ಪ ಕೂತಿದ್ದ. ಒಳಗಿನ ಮಾತೆಲ್ಲ ಅವನಿಗೆ ಕೇಳುತ್ತಿತ್ತು. ಅವನೊಬ್ಬ ನಗಲಿಲ್ಲ.

"ಬಾಯಿಲೆ ಹೇಳಿದ್ರ ನಡ್ಯೂದಿಲ್ಲ, ಬರದ ಕೊಡ್ರಿ" ಎಂದು ಸಾಹೇಬರು ಹಾಳೆ ಕೊಟ್ಟು ಫೋನು ಎತ್ತಿಕೊಂಡರು. ಹೆಸರು ಬಿಟ್ಟರೆ ಫಕೀರವ್ವನಿಗೆ ಬರೆಯಲು ಏನು ಬರುತ್ತದೆ? ಹಾಳೆ ಹಿಡಿದು ಹೊರಗೆ ಬಂದಳು. ಬಾಕಿನ ಮೇಲೆ ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಉಡಚಪ್ಪ ಹಾಳೆ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡ. "ಹೇಳ್ರಿ."

ಆಕೆ ಹೇಳಿದಳು, ಅವನು ಬರೆದ. ಊದಿನಕಡ್ಡಿ, ತೂತು, ದೀಪ ಆರಿದ್ದು, ಕುಂಕುಮ ಒರೆಸಿದ್ದು. "ತಿಳೀದ ಆದ ತಪ್ಪು ಅಂತ ಬರದು ಮುಗಸ್ತೇನಿ" ಎಂದ.

"ಇಲ್ಲ. ಇನ್ನೂ ಐತಿ. ಸಹಿ ಮಾಡೂಮುಂದ ನನಗ ಗೊತ್ತಿತ್ತು ಅಂತ ಬರಿ."

ಪೆನ್ನು ನಿಂತಿತು. ಅವನು ತಲೆ ಎತ್ತಿ ಆಕೆಯನ್ನು ನೋಡಿದ. ಅಲ್ಲಿಯ ತನಕ ಅವನಿಗೆ ಅದು ಹೊಳೆದಿರಲಿಲ್ಲ. ಮುದುಕಿ, ಆಮೇಲೆ ತಿಳಿದಿರಬೇಕು, ಬಂದಿದ್ದಾಳೆ ಎಂದುಕೊಂಡಿದ್ದ.

"ನಾ ಬನ್ನಿ ಕೊಡಾಕ ಬಂದಾಗ?"

"ಸಹಿ ಆಗಿತ್ತು."

"ಕಾಲ ಮುಟ್ಟಿದೆನೆಲ್ರೀ ನಾ."

ಫಕೀರವ್ವ ನೆಲ ನೋಡಿದಳು.

ಅವನು ಪೆನ್ನು ಕೆಳಗಿಳಿಸಿ, "ಅದನ್ನ ಬರಿಯೂದು ಬ್ಯಾಡ ಬಿಡ್ರಿ. ನನಗ ಗೊತ್ತಾತಲ್ಲ, ಸಾಕು" ಎಂದ.

"ಬರಿಯಪಾ. ನನಗ ಓದಾಕ ಬರೂದಿಲ್ಲಂತ ಬಿಟ್ಟಗಿಟ್ಟೀಯ ಮತ್ತ."

ಬರೆದ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿ ತೋರಿಸಿದ. ಹಾಳೆ ಬಾಕಿನ ಮೇಲೆ ಇಟ್ಟ. ಫ್ಯಾನಿನ ಗಾಳಿಗೆ ಅದು ಹಾರುತ್ತಿತ್ತು. ಅವನು ಕೈಯಿಂದ ಒತ್ತಿ ಹಿಡಿಯಲಿಲ್ಲ. ಫಕೀರವ್ವ ತನ್ನ ಎಡಗೈಯಿಂದ ತಾನೇ ಒತ್ತಿಕೊಂಡು ಸಹಿ ಮಾಡಿದಳು. ಅಕ್ಷರ ಗೆರೆ ಬಿಟ್ಟು ಕೆಳಗೆ ಇಳಿದವು. ಕೊನೆಯ ಅಕ್ಷರದ ಕಂಕುಳ ಕೂಸು ಬಿದ್ದೇ ಹೋಯಿತು.

ಸಾಹೇಬರು ಎರಡೂ ಕಾಗದ ಕೂಡಿಸಿ ಪಿನ್ನು ಹಾಕಿ ಕಪಾಟಿನಲ್ಲಿಟ್ಟರು. ಉಡಚಪ್ಪನ ಪುಸ್ತಕಕ್ಕೆ ಕರಿ ಗೆರೆ ಬೀಳಲಿಲ್ಲ. ರೊಟ್ಟಿಯ ಗಂಟು ಹೋದ ಹಾಗೆಯೇ ಮನೆಗೆ ಬಂತು.

ಮಾಲತೇಶನಿಗೆ ಸುದ್ದಿ ಸಂಜೆಯೊಳಗೆ ಮುಟ್ಟಿತು. ಮಾಳಮಡ್ಡಿಯಲ್ಲಿ ಯಾವ ಮಾತು ಹೊಚ್ಚಿ ಉಳಿದಿದೆ? "ಅತ್ತೀ, ನನ್ನ ಕಿವ್ಯಾಗರ ಒಂದ ಮಾತ ಹಾಕಬೇಕಿಲ್ರಿ" ಎಂದಳು ವಿದ್ಯಾ. ಮಾಲತೇಶ ಎರಡು ದಿನ ತಾಯಿಯ ಕಡೆ ನೋಡಲಿಲ್ಲ. ಮೂರನೆಯ ದಿನ ಒಲೆಯ ಹತ್ತಿರ ಬಂದು ಕೂತು, "ಒರಟ ಅನ್ನೂ ಮಾತ ಬರದಾಂವ ನಾನವ್ವಾ. ನೀ ಬ್ಯಾಡಂದಿದ್ದಿ" ಎಂದ. ಅವನು ಉಡಚಪ್ಪನ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದ. ಲೈನ್ ಕೆಟ್ಟಾಗ ಉಡಚಪ್ಪ ಮೊದಲಿನ ಹಾಗೆಯೇ ಬಂದು ಸರಿ ಮಾಡಿ ಹೋಗುತ್ತಿದ್ದ. ಅಕ್ಕಾರ ಎನ್ನುತ್ತಿರಲಿಲ್ಲ. "ಫೋನ್ ಚಾಲೂ ಆತ್ರಿ" ಎಂದು ಬಾಗಿಲಿಗೆ ಹೇಳಿ ಹೋಗುತ್ತಿದ್ದ. ಮಳೆಗಾಲಕ್ಕೆ ರಿಟೈರ್ ಆದ, ಅದೂ ನಿಂತಿತು.

ಮುಂದಿನ ದಸರೆ ಬಂತು. ಬನ್ನಿ ಕೊಡಲು ಸಣ್ಣವರು ದೊಡ್ಡವರ ಮನೆಗೆ ಹೋಗುವುದು ಪದ್ಧತಿ. ಫಕೀರವ್ವ ಸಂಜೆ ಸೈಕಲ್ ಗಂಟೆಯ ಹಾದಿ ನೋಡಲಿಲ್ಲ. ಬನ್ನಿ ಎಲೆ ಕೈಯಲ್ಲಿ ಮುಚ್ಚಿಕೊಂಡು, ತನಗಿಂತ ಸಣ್ಣವನ ಮನೆ ಹುಡುಕಿಕೊಂಡು ಹೋದಳು. ಬಾಗಿಲು ತೆಗೆದವಳು ಅವನ ಹೆಂಡತಿ ರತ್ನವ್ವ. ಹಿಂದೆ ಪಡಸಾಲೆಯಲ್ಲಿ ಅವನು ಕೂತಿದ್ದ.

ಕೈ ಚಾಚಿದಳು. ಬಂಗಾರದಂಗ ಇರೂಣು ಎನ್ನಲಿಲ್ಲ. ಹೋದ ವರ್ಷ ಆಡಿದ ಬಾಯಿಂದ ಅದೇ ಮಾತು ಮತ್ತೆ ಆಡಲು ಧೈರ್ಯವಿರಲಿಲ್ಲ. ಎಲೆ ಹಿಡಿದು ನಿಂತಳು.

ಉಡಚಪ್ಪ ಎದ್ದು ಬಂದ. ಎಲೆ ತೆಗೆದುಕೊಂಡ. ಕಾಲಿಗೆ ಬೀಳಲಿಲ್ಲ.

"ಕುಂದರ್ರಿ" ಎಂದ. ಆಮೇಲೆ, "ಈ ವರ್ಷ ಡಬ್ಬಿಗೆ ಪೂಜಿ ಮಾಡಿದ್ರೇನು?"

"ಮಾಡಿದೆ. ದೂರ ನಿಂತು."

"ಊದಿನಕಡ್ಡಿ?"

"ಬಾಳಿಹಣ್ಣ ಒಂದ ಹೆಚ್ಚಿಗಿ ತರಸಿದ್ದೆ."

ರತ್ನವ್ವ ಸೆರಗು ಬಾಯಿಗೆ ಒತ್ತಿ ನಕ್ಕಳು. ಉಡಚಪ್ಪ ನಗಲಿಲ್ಲ. ಒಳಗೆ ಹೋಗಿ ಒಂದು ಮಣೆ ತಂದು ಬಾಗಿಲ ಒಳಗೆ ಹಾಕಿದ. ಫಕೀರವ್ವ ಅದರ ತುದಿಗೆ, ಅರ್ಧ ಮಣೆಯ ಮೇಲೆ, ಕೂತಳು.